ಗಡ್ಡದ ಓತಿಯ ತೂಕಕ್ಕೂ ಬಂತು ವಹಿ!

ಸೊಲ್ಲಾಪುರ: ಕಿರಾಣಿ ಅಂಗಡಿ ಎಂದ ಮೇಲೆ ಉದ್ರಿ ವಹಿ ಇರುತ್ತದೆ, ಹಾಲಿನ ವಹಿ ಇರುತ್ತದೆ. ಆದರೆ ನಗರದ ಕನ್ನಡ ಕುಟುಂಬವೊಂದರ ಅಂಗಡಿಯ ಗಲ್ಲಾ ಪಕ್ಕದಲ್ಲಿ ಇನ್ನೊಂದು ಸಣ್ಣ ವಹಿ ಇದೆ. ಪ್ರತಿ ರವಿವಾರ ಮುಂಜಾನೆ ತಪ್ಪದೆ ಅದರಲ್ಲಿ ಒಂದು ಸಾಲು ಬೀಳುತ್ತದೆ. ತಾರೀಖು, ತೂಕ ಗ್ರಾಂನಲ್ಲಿ, ಉದ್ದ ಸೆಂಟಿಮೀಟರ್‌ನಲ್ಲಿ. ಇದು ಸಕ್ಕರೆ, ತೊಗರಿಬೇಳೆಯ ಲೆಕ್ಕವಲ್ಲ. ಮನೆಯಲ್ಲಿ ಸಾಕಿರುವ ಓತಿಕ್ಯಾತದ ಲೆಕ್ಕ!

ಹೌದು, ಓತಿಕ್ಯಾತವೇ. ಆದರೆ ನಮ್ಮ ಬೇಲಿ ಮೇಲೆ ಕುಂತು ತಲೆ ಕುಣಿಸುವ ಓತಿ ಅಲ್ಲ, ಅದರ ದೂರದ ಬಳಗ. ಆಸ್ಟ್ರೇಲಿಯಾದ ಒಣ ಸೀಮೆಯ ‘ಬಿಯರ್ಡೆಡ್ ಡ್ರ್ಯಾಗನ್’. ಗದ್ದದ ಕೆಳಗೆ ಮುಳ್ಳು ಮುಳ್ಳಾದ ಚರ್ಮ, ಸಿಟ್ಟು ಬಂದರೆ ಅದು ಉಬ್ಬಿ ಕಪ್ಪಾಗುತ್ತದೆ. ಅದಕ್ಕೇ ಗಡ್ಡದ ಹೆಸರು. ಪುಣೆಯಲ್ಲಿ ನೌಕರಿಗಿರುವ ಮಗ 2024ರ ದೀಪಾವಳಿಗೆ ಊರಿಗೆ ಬರುವಾಗ ಶಾಲೆಗೆ ಹೋಗುವ ತಂಗಿಗೆಂದು ಇದರ ಮರಿ ತಂದ. ಡಬ್ಬಿ ತೆರೆದ ಅಜ್ಜಿ, ‘ಅಯ್ಯ ಶಿವನ, ಹಬ್ಬದಾಗ ಸರಡಾ ತಂದಾನ ನೋಡ್ರಿ’ ಅಂದರಂತೆ. ಮಗ ರಜೆ ಮುಗಿಸಿ ಹೋದ. ಮರಿ ಅಜ್ಜಿ ಮತ್ತು ಮೊಮ್ಮಗಳ ಪಾಲಿಗೆ ಉಳಿಯಿತು. ಮಕ್ಕಳು ಪುಣೆ, ಬೆಂಗಳೂರು, ಹೈದರಾಬಾದಿಗೆ ಹೋಗಿರುವ ಗಡಿಭಾಗದ ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. ತಂದವರು ಒಬ್ಬರು, ಸಾಕುವವರು ಇನ್ನೊಬ್ಬರು.

ಆಗ ಮರಿಯ ತೂಕ 9 ಗ್ರಾಂ. ಒಂದು ತೊಲೆ ಬಂಗಾರಕ್ಕೂ ಕಡಿಮೆ. ಅಂಗಡಿಯ ತಕ್ಕಡಿ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಬಾಜೂಕಿನ ಸರಾಫಿ ಅಂಗಡಿಯವರು ನಗುತ್ತಲೇ ತಮ್ಮ ಕಾಟಾದಲ್ಲಿ ತೂಗಿಕೊಟ್ಟರು. ವಹಿ ಶುರುವಾಗಿದ್ದು ಅಂದಿನಿಂದ.

ವಹಿಯಲ್ಲಿ ಲಾಭ, ಎಲುಬಿನಲ್ಲಿ ನಷ್ಟ

ಮೊಟ್ಟೆ ಒಡೆದು ಬಂದಾಗ ಈ ಓತಿಯ ಮರಿ ಸುಮಾರು 10 ಸೆಂ.ಮೀ. ಉದ್ದ, 2ರಿಂದ 3 ಗ್ರಾಂ ತೂಕ ಇರುತ್ತದೆ. ಉದ್ದದಲ್ಲಿ ಅರ್ಧಕ್ಕೂ ಹೆಚ್ಚು ಬಾಲವೇ. ಮೊದಲ ಆರು ತಿಂಗಳು ಬೆಳವಣಿಗೆ ಬಲು ಜೋರು. ಅಷ್ಟರಲ್ಲಿ 30 ಸೆಂ.ಮೀ. ದಾಟುವುದುಂಟು. ಆಮೇಲೆ ನಿಧಾನ. ಒಂದೂವರೆ ವರ್ಷದ ಹೊತ್ತಿಗೆ ಪೂರ್ಣ ಆಕಾರಕ್ಕೆ ಬಂದು 40ರಿಂದ 60 ಸೆಂ.ಮೀ. ಉದ್ದ, ಸಾಧಾರಣವಾಗಿ 300ರಿಂದ 500 ಗ್ರಾಂ ತೂಕ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುತ್ತದೆ.

ಈ ಮನೆಯ ವಹಿಯೂ ಹಾಗೆಯೇ ಏರುತ್ತಿತ್ತು. 2025ರ ಫೆಬ್ರುವರಿಗೆ 90 ಗ್ರಾಂ. ಎಲ್ಲರಿಗೂ ಖುಷಿ. ಆದರೆ ಅದೇ ವಾರ ಹುಡುಗಿ ಒಂದು ಮಾತು ಗಮನಿಸಿದಳು. ಮರಿಯ ಕಾಲ್ಬೆರಳು ಸಣ್ಣಗೆ ನಡುಗುತ್ತಿದ್ದವು. ಹುಳು ಹಿಡಿದರೆ ಕಚ್ಚಲಾಗದೆ ಬಿಡುತ್ತಿತ್ತು. ಕೆಳದವಡೆ ಮುಟ್ಟಿದರೆ ರಬ್ಬರಿನಂತೆ ಮೆತ್ತಗೆ. ಸುಮಾರು 250 ಕಿ.ಮೀ. ದೂರದ ಪುಣೆಗೆ ಒಯ್ದು ಇಂಥ ಪ್ರಾಣಿಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿದಾಗ ಎಕ್ಸ್‌ರೇಯಲ್ಲಿ ಎಲುಬು ತೆಳ್ಳಗೆ, ಮಸುಕಾಗಿ ಕಂಡವು. ತೂಕ ಏರಿತ್ತು, ಎಲುಬು ಗಟ್ಟಿಯಾಗಿರಲಿಲ್ಲ.

ತಪ್ಪಿದ್ದೆಲ್ಲಿ? ಕಿಟಕಿಯಲ್ಲಿ! ಸೊಲ್ಲಾಪುರದಲ್ಲಿ ಬಿಸಿಲಿಗೇನು ಬರ ಎಂದು ಮನೆಯವರು ಮರಿಯ ಪೆಟ್ಟಿಗೆಯನ್ನು ಬಿಸಿಲು ಬೀಳುವ ಗಾಜಿನ ಕಿಟಕಿಯ ಒಳಗೆ ಇಟ್ಟಿದ್ದರು. ಬೆಳಕು ಬಂತು, ಕಾವು ಬಂತು. ಬೇಕಾದದ್ದು ಮಾತ್ರ ಬರಲಿಲ್ಲ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಚರ್ಮಕ್ಕೆ ತಾಗಿದರೆ ಡಿ3 ಜೀವಸತ್ವ ತಯಾರಾಗುತ್ತದೆ. ಅದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಕಿಟಕಿಯ ಸಾದಾ ಗಾಜು ಈ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಆಗ ದೇಹ ತನ್ನದೇ ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ನರ, ಸ್ನಾಯುಗಳನ್ನು ನಡೆಸುತ್ತದೆ. ಜಮಾ ಇಲ್ಲದೆ ಠೇವಣಿ ಮುರಿದು ಸಂಸಾರ ನಡೆಸಿದ ಹಾಗೆ. ಮೇಲ್ನೋಟಕ್ಕೆ ಮನೆ ನಡೆದೇ ಇರುತ್ತದೆ, ಒಳಗೆ ಪೊಳ್ಳು. ಮುಂದುವರಿದರೆ ಕಾಲು ಸೊಟ್ಟ, ಬೆನ್ನು ಗೂನು, ಹಿಂಗಾಲು ಎಳೆಯುವುದು, ಕೊನೆಗೆ ಸಾವು. ಬೆಳೆಯುವ ಮರಿಗಳಿಗೆ ಇದು ಬೇಗ ಬಡಿಯುತ್ತದೆ.

ಇನ್ನೊಂದು ತಪ್ಪು ಆಹಾರದಲ್ಲಿ. ಚಿಮ್ಮಂಡೆ, ಮೀಲ್‌ವರ್ಮ್ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಮೇವಿನಲ್ಲಿ ಒಟ್ಟಾರೆ ರಂಜಕದ ಎರಡರಷ್ಟು ಕ್ಯಾಲ್ಸಿಯಂ ಇರಬೇಕೆಂಬುದು ಲೆಕ್ಕ. ಅದಕ್ಕೇ ಹುಳುಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ಮಂಡಕ್ಕಿಗೆ ಖಾರ ಹಚ್ಚಿದ ಹಾಗೆ ಅನ್ನಿ. ಈ ಮನೆಯಲ್ಲಿ ಪುಡಿಯ ಡಬ್ಬಿ ಇತ್ತು, ತೆರೆದಿರಲಿಲ್ಲ.

ಅಲ್ಲಿಂದ ಯುವಿ-ಬಿ ದೀಪ ಬಂತು. ಔಷಧ ಶುರುವಾಯಿತು. ಮುಂಜಾನೆ ಎಳೆಬಿಸಿಲಿಗೆ ಜಾಳಿಯ ಪೆಟ್ಟಿಗೆಯಲ್ಲಿ, ಅರ್ಧ ನೆರಳು ಇರುವಂತೆ ಮಾಳಿಗೆ ಮೇಲೆ ಇಡುವುದು ರೂಢಿಯಾಯಿತು. ಗಾಜಿನ ಪೆಟ್ಟಿಗೆಯನ್ನು ಬಿಸಿಲಲ್ಲಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಳಗೆ ಕುದಿದು ಪ್ರಾಣ ಹೋಗುತ್ತದೆ, ಅದೂ ಗೊತ್ತಿರಬೇಕು. ಮೂರು ತಿಂಗಳಲ್ಲಿ ನಡುಕ ನಿಂತಿತು, ದವಡೆ ಗಟ್ಟಿಯಾಯಿತು. ಸ್ವಲ್ಪ ಸೊಟ್ಟಗೇ ಗಟ್ಟಿಯಾಯಿತು. ಅದಿನ್ನು ನೆಟ್ಟಗಾಗುವುದಿಲ್ಲ.

ಪ್ರೀತಿಯೂ ತೂಕ ಏರಿಸುತ್ತದೆ

ಸಾವಿನ ಬಾಯಿಂದ ಬಂದ ಕೂಸಿಗೆ ಯಾವ ಅಜ್ಜಿ ಹೊಟ್ಟೆ ಕಟ್ಟುತ್ತಾಳೆ? ಓತಿ ಬಾಯಿ ತೆರೆದಾಗೆಲ್ಲ ಹುಳು. ಅದರಲ್ಲೂ ದಪ್ಪನೆಯ ಸೂಪರ್‌ವರ್ಮ್. ಈ ಹುಳು ಅದಕ್ಕೆ ಪೇಢೆ ಇದ್ದಂತೆ, ಕೊಬ್ಬು ಜಾಸ್ತಿ. ಜುಲೈ ಹೊತ್ತಿಗೆ ವಹಿಯಲ್ಲಿ 420 ಗ್ರಾಂ! ಪುಣೆಯ ಮಗ ಫೋನಿನಲ್ಲಿ ಕೇಳಿ, ದೊಡ್ಡ ಓತಿ ಐನೂರರ ತನಕ ತೂಗುತ್ತದೆ, ಸರಿಯಾಗೇ ಇದೆ ಎಂದ. ಆದರೆ ಉದ್ದದ ಕಾಲಂ ನೋಡಿದರೆ ಬರೇ 42 ಸೆಂ.ಮೀ. ಐವತ್ತೈದು ಸೆಂ.ಮೀ. ಓತಿಗೆ ಒಪ್ಪುವ ತೂಕ ಇದಕ್ಕೆ ಬೊಜ್ಜು. ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಕಣ್ಣಿನ ಹಿಂದೆ ತಲೆ ಮೇಲಿರುವ ಕೊಬ್ಬಿನ ಗುಬ್ಬಿಗಳು ಉಬ್ಬಿದ್ದವು. ಈ ಗುಬ್ಬಿ ನೋಡಿಯೇ ಬಲ್ಲವರು ಹೇಳುತ್ತಾರೆ: ಗುಳಿ ಬಿದ್ದಿದ್ದರೆ ಬಡಕಲು ಇಲ್ಲವೇ ನೀರು ಕಡಿಮೆ, ಉಬ್ಬಿದ್ದರೆ ಬೊಜ್ಜು. ಬೊಜ್ಜು ಮೈಮೇಲೆ ಕಾಣುವುದಕ್ಕಿಂತ ಒಳಗೆ, ಹೊಟ್ಟೆ ಮತ್ತು ಪಿತ್ತಜನಕಾಂಗದಲ್ಲಿ ಕೂಡುತ್ತದೆ. ಅದೇ ಅಪಾಯ.

ಹೆಣ್ಣಾಗಿದ್ದರೆ ಇನ್ನೊಂದು ಗೊಂದಲ. ಗಂಡಿನ ಸಂಗ ಇಲ್ಲದೆಯೂ ಇದು ಮೊಟ್ಟೆ ಕಟ್ಟುತ್ತದೆ, ತೂಕ ದಿಢೀರ್ ಏರುತ್ತದೆ. ಇಡಲು ಅಗೆಯುವಂಥ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಈ ಮನೆಯದು ಗಂಡು.

ಎಳೆಯದರಲ್ಲಿ ಮೇವಿನ ಹೆಚ್ಚಿನ ಪಾಲು ಹುಳು, ಸ್ವಲ್ಪ ಸೊಪ್ಪು. ದೊಡ್ಡದಾದ ಮೇಲೆ ಲೆಕ್ಕ ತಿರುಗುಮುರುಗು: ಮುಕ್ಕಾಲು ಪಾಲು ಸೊಪ್ಪು, ತರಕಾರಿ, ಹುಳು ವಾರಕ್ಕೆ ಎರಡು ಮೂರು ಸಲ. ಹುಳು ಅದರ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ಸೊಪ್ಪಿಗೆ ನಮ್ಮಲ್ಲಿ ಬರವಿಲ್ಲ. ನುಗ್ಗೆ, ಸಾಸಿವೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ತುರಿದ ಕುಂಬಳ ನಡೆಯುತ್ತವೆ. ಪಾಲಕ್ ದಿನಾ ಬೇಡ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಡುತ್ತದೆ. ರೊಟ್ಟಿ ಚೂರು, ಹಾಲು ಮುಟ್ಟಿಸಬಾರದು. ಬೆಣ್ಣೆಹಣ್ಣು ವಿಷ. ಹುಳು ತರಲು ದುಡ್ಡು ಯಾಕೆ, ಹೊಲದಾಗ ಮಿಡತೆ ಸಿಗ್ತಾವಲ್ಲ ಎಂದು ಕೇಳುವವರಿದ್ದಾರೆ. ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಎಷ್ಟು ಸಲ ಔಷಧ ಹೊಡೆಯುತ್ತಾರೆ ಎಂಬುದು ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಆ ಮಿಡತೆ ತಿಂದರೆ ಓತಿಯ ಕಥೆ ಮುಗಿದಂತೆ. ರೇಷ್ಮೆ ಹುಳು ಸಿಕ್ಕರೆ ಉತ್ತಮ, ಅದರಲ್ಲಿ ಕೊಬ್ಬು ಕಡಿಮೆ.

ತಿಂದದ್ದು ಅರಗಲು ಕಾವು ಬೇಕು. ಇದರ ರಕ್ತ ತಾನಾಗಿ ಬಿಸಿಯಾಗುವುದಿಲ್ಲ. ಪೆಟ್ಟಿಗೆಯ ಒಂದು ತುದಿ 38ರಿಂದ 42 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರ ಆಸುಪಾಸು ಇರಬೇಕು, ಅದು ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಡಿಸೆಂಬರಿನ ಥಂಡಿ ರಾತ್ರಿಗಳಲ್ಲಿ ಕಾವಿಲ್ಲದೆ ಮರಿ ಉಣ್ಣುವುದನ್ನೇ ಬಿಡುತ್ತದೆ. ಮೇ ತಿಂಗಳಲ್ಲಿ ಇಡೀ ಖೋಲಿಯೇ 40 ದಾಟಿದರೆ ತಂಪಿನ ತುದಿಯೇ ಇಲ್ಲದೆ ಒದ್ದಾಡುತ್ತದೆ. ಕಳೆದ ಬೇಸಿಗೆಯಲ್ಲಿ ಈ ಮನೆಯ ಕೂಲರ್ ಮುಂದೆ ಮೊದಲ ಜಾಗ ಓತಿಯದಾಗಿತ್ತು, ಎರಡನೆಯದು ಅಜ್ಜಿಯದು.

ತೂಗುವುದಕ್ಕೂ ಒಂದು ಕ್ರಮವಿದೆ. ಅದೇ ಕಾಟಾ, ಅದೇ ಹೊತ್ತು, ಮುಂಜಾನೆ ತಿನ್ನಿಸುವ ಮೊದಲು. ಬಟ್ಟಲಿಟ್ಟು ಸೊನ್ನೆ ಮಾಡಿ ಆಮೇಲೆ ಓತಿ. ಮರಿಗೆ ವಾರಕ್ಕೊಮ್ಮೆ, ದೊಡ್ಡದಕ್ಕೆ ತಿಂಗಳಿಗೊಮ್ಮೆ ಸಾಕು. ಕೆಲವೇ ವಾರಗಳಲ್ಲಿ ಹತ್ತನೇ ಒಂದು ಪಾಲು ಇಳಿದರೆ ಕಾಯಬಾರದು, ಹಿಕ್ಕೆ ಸಮೇತ ವೈದ್ಯರ ಕಡೆ ಹೋಗಬೇಕು. ಹೊಟ್ಟೆಹುಳ, ಕಾಕ್ಸಿಡಿಯಾ ಎಂಬ ಪರೋಪಜೀವಿಗಳು ಹಿಕ್ಕೆಯಲ್ಲೇ ಸಿಗುತ್ತವೆ.

ಇದನ್ನೆಲ್ಲ ಓದಿ ಮಕ್ಕಳು ಹೊಲದ ಉಡವನ್ನು ಹಿಡಿದು ತಂದಾರು! ಉಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿದೆ, ಹಿಡಿಯುವುದೂ ಸಾಕುವುದೂ ಅಪರಾಧ.

ಪುಣೆಯ ಮಗ ಈಗ ಜೋಡಿಗೆ ಇನ್ನೊಂದು ಮರಿ ತರುವ ಮಾತಾಡುತ್ತಿದ್ದಾನೆ. ಒಂದೇ ಪೆಟ್ಟಿಗೆಯಲ್ಲಿಟ್ಟರೆ ದೊಡ್ಡದು ಕಾವಿನ ಜಾಗ, ಮೇವು ಎರಡನ್ನೂ ಹಿಡಿದು ಕೂರುತ್ತದೆ, ಸಣ್ಣದು ಕುಗ್ಗಿ ಹೋಗುತ್ತದೆ. ಕಾಲ್ಬೆರಳು, ಬಾಲದ ತುದಿ ಕಚ್ಚುವುದೂ ಉಂಟು. ತುಂಡಾದ ಬಾಲ ಹಲ್ಲಿಯ ಬಾಲದಂತೆ ಮತ್ತೆ ಚಿಗುರುವುದಿಲ್ಲ. ಅಜ್ಜಿ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ: ‘ತರಾಂವ ತಂದು ಹೋಗ್ತಾನ, ತೂಗಾಕಿ ನಾನು. ಬ್ಯಾಡ.’

ಕಳೆದ ರವಿವಾರದ ಸಾಲಿನಲ್ಲಿ 365 ಗ್ರಾಂ, 44 ಸೆಂ.ಮೀ. ಎಂದಿದೆ. ವಹಿಯ ಕೊನೆಯ ಪುಟದಲ್ಲಿ ಯುವಿ-ಬಿ ದೀಪ ತಂದ ತಾರೀಖು ಬರೆದಿಟ್ಟಿದ್ದಾರೆ. ಕಣ್ಣಿಗೆ ಬೆಳಕು ಹಾಗೇ ಕಂಡರೂ ದೀಪದ ಕಿರಣದ ಶಕ್ತಿ ಆರು ತಿಂಗಳು, ವರ್ಷದಲ್ಲಿ ಇಳಿಯುತ್ತದೆ. ಹೊಸ ದೀಪ ಪುಣೆಯಿಂದ ಬರಬೇಕಿದೆ.