ಮೊಣಕಾಲ ಕೆಳಗೊಂದು ಕರೆಂಟು ಡಬ್ಬಿ

"ಬೇಗ ಕಾಲೆತ್ರೀ ಯಜಮಾನ್ರೇ, ಹಿಂದೆ ಜನ ನಿಂತವ್ರೆ!"

ಬಸ್ಸಿನ ಮೆಟ್ಟಿಲ ಹತ್ತಿರ ಈ ಮಾತು ದಿನಾ ಕೇಳುವಂಥದೇ. ಕಾಲು ಎತ್ತುವುದು ಅಷ್ಟು ಸುಲಭವಾಗಿದ್ದರೆ ಯಾರು ತಾನೇ ತಡ ಮಾಡ್ತಾರೆ? ಮಲ್ಟಿಪಲ್ ಸ್ಕ್ಲೆರೋಸಿಸ್, ಚುಟುಕಾಗಿ ಎಂ.ಎಸ್., ಹಿಡಿದವರಲ್ಲಿ ಹಲವರ ಪಾಡು ಇದು. ತೊಡೆ ಏಳುತ್ತದೆ, ಮಂಡಿ ಮಡಿಸುತ್ತದೆ, ಪಾದ ಮಾತ್ರ ಜೋತು ಬೀಳುತ್ತದೆ. ಬೆರಳ ತುದಿ ಹೊಸಿಲಿಗೋ ಚಪ್ಪಡಿಕಲ್ಲಿಗೋ ತಗುಲಿತು, ಆಸಾಮಿ ನೆಲಕ್ಕೆ! ನೋಡಿದವರು 'ಹಗಲೊತ್ತೇ ಹಾಕ್ಕೊಂಡು ಬಂದವ್ನೆ' ಎಂದು ನಗುವುದೂ ಉಂಟು.

1868ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಷಾರ್ಕೋ ವಿವರವಾಗಿ ಗುರುತಿಸಿದ ಕಾಯಿಲೆ ಇದು. ಎಲೆಕ್ಟ್ರಿಕಲ್ ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ವೈರಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋದ ಹಾಗೆ. ಮಿದುಳು, ಬೆನ್ನುಹುರಿಗಳ ನರದ ಹೊದಿಕೆಯನ್ನು ದೇಹದ ಸ್ವಂತ ಕಾವಲುಪಡೆಯೇ ತಿಂದುಹಾಕುತ್ತದೆ. ಸೆಕೆ ಏರಿದರೆ ಕಾಲು ಇನ್ನೂ ಮಂದ. ಆದರೆ ಬೆನ್ನುಹುರಿಯಿಂದ ಹೊರಟು ಕಾಲಿಗೆ ಇಳಿಯುವ ನರ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಮೇನ್ ಲೈನ್ ಕೆಟ್ಟಿದೆ, ಮನೆಯೊಳಗಿನ ವೈರಿಂಗ್ ಸರಿಯಿದೆ ಅನ್ನಿ.

ಆ ವೈರಿಂಗಿಗೇ ಕರೆಂಟು ಕೊಟ್ಟರೆ ಹೇಗೆ? ಅಮೆರಿಕದ ಲಿಬರ್ಸನ್ ಎಂಬ ವೈದ್ಯರು ಲಕ್ವ ಹೊಡೆದವರಿಗೆ ಅದನ್ನು ಮಾಡಿ ತೋರಿಸಿ 1961ರಲ್ಲಿ ಪ್ರಕಟಿಸಿದರು. ಮೊಣಕಾಲ ಹೊರಮಗ್ಗುಲಲ್ಲಿ ಕೈಯಾಡಿಸಿ ನೋಡಿ, ಸ್ವಲ್ಪ ಕೆಳಗೆ ಒಂದು ಮೂಳೆಗಂಟು ಸಿಗುತ್ತದೆ. ಪಾದ ಎತ್ತಿಸುವ ನರ ಅದನ್ನು ಬಳಸಿಕೊಂಡು ಚರ್ಮಕ್ಕೆ ಹತ್ತಿರದಲ್ಲೇ ಹೋಗುತ್ತದೆ. ಅಲ್ಲೊಂದು, ಇನ್ನೂ ಕೆಳಗೆ ಮುಂದಕ್ಕೊಂದು ಅಂಟುಪಟ್ಟಿ. ಸೊಂಟದಲ್ಲಿ ಬ್ಯಾಟರಿ ಡಬ್ಬಿ. ಬೂಟಿನ ಹಿಮ್ಮಡಿಯಲ್ಲಿ ಸ್ವಿಚ್. ಹಿಮ್ಮಡಿ ಎದ್ದ ಕೂಡಲೇ ಜುಮ್ ಎಂದು ಕರೆಂಟು, ಪಾದ ಮೇಲಕ್ಕೆ. ಹಿಮ್ಮಡಿ ಊರಿದರೆ ಕರೆಂಟು ಬಂದ್. ಪ್ರತಿ ಹೆಜ್ಜೆಗೂ ಇದೇ ಆಟ.

ಎಂ.ಎಸ್. ರೋಗಿಗಳಲ್ಲಿ ಇದನ್ನು ಹೆಚ್ಚಾಗಿ ಬಳಸಿ ನೋಡಿದ್ದು ಇಂಗ್ಲೆಂಡಿನ ಸಾಲ್ಸ್‌ಬರಿ ಜಿಲ್ಲಾ ಆಸ್ಪತ್ರೆಯ ತಂಡ. 2009ರ ಜನವರಿಯಲ್ಲಿ ಆ ದೇಶದ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್, ಮಿದುಳು-ಬೆನ್ನುಹುರಿ ಕಾಯಿಲೆಯಿಂದ ಜೋತುಬಿದ್ದ ಪಾದಕ್ಕೆ ಇದನ್ನು ಬಳಸಬಹುದು, ನಡಿಗೆ ಸುಧಾರಿಸುವುದಕ್ಕೆ ಸಾಕಷ್ಟು ಆಧಾರ ಇದೆ ಎಂದಿತು.

ಹಾಗಾದರೆ ಕಾಯಿಲೆ ವಾಸಿಯೇ? ಅಲ್ಲೇ ಇರುವುದು ಪೇಚು. ಅದೇ 2009ರಲ್ಲಿ ಸಾಲ್ಸ್‌ಬರಿಯವರೇ ಒಂದು ಗುಂಪಿಗೆ ಡಬ್ಬಿ, ಇನ್ನೊಂದು ಗುಂಪಿಗೆ ಮನೆಯಲ್ಲಿ ಮಾಡುವ ವ್ಯಾಯಾಮ ಕೊಟ್ಟು ಹೋಲಿಸಿದ ಫಲಿತಾಂಶ ಹೊರಬಿತ್ತು. 44 ಮಂದಿ ಕೊನೆವರೆಗೂ ಉಳಿದರು. ಡಬ್ಬಿ ಹಾಕಿಕೊಂಡಿದ್ದಾಗ ನಡಿಗೆ ಚುರುಕು. ಬಿಚ್ಚಿಟ್ಟರೆ ಮತ್ತೆ ಹಳೇ ಕಾಲೇ! ಸ್ವಂತ ನಡಿಗೆ ಚೇತರಿಸಿದ್ದು ವ್ಯಾಯಾಮ ಮಾಡಿದವರದು. ಡಬ್ಬಿ ದಂಡವೇ ಎಂದರೆ ಹಾಗೂ ಅಲ್ಲ, ಮರುವರ್ಷದ ವರದಿಯಲ್ಲಿ ಡಬ್ಬಿಯವರು ಬಿದ್ದದ್ದು ವ್ಯಾಯಾಮದವರಿಗಿಂತ ಬಹಳ ಕಡಿಮೆ. ಸೊಂಟ ಮುರಿದು ಮಲಗಿದವರ ಮನೆಯವರನ್ನು ಕೇಳಿ, ಒಂದು ಸಲ ಬೀಳದೆ ಇರುವುದರ ಬೆಲೆ ಹೇಳ್ತಾರೆ. ಕನ್ನಡಕದಂಥ ಸಾಮಾನಿದು, ಹಾಕಿಕೊಂಡಷ್ಟು ಹೊತ್ತು ಲಾಭ.

ಕರೆಂಟಿನ ಮೇಲೆ ವಿಪರೀತ ಆಸೆ ಹುಟ್ಟಿದ್ದು ಹೊಸದೇನಲ್ಲ. 1973ರಲ್ಲಿ ನ್ಯೂಯಾರ್ಕಿನ ಡಾ. ಕುಕ್ ಬೆನ್ನುಹುರಿಗೇ ತಂತಿ ಇಟ್ಟು ಎಂ.ಎಸ್. ರೋಗಿಗಳ ಚಲನೆ ಸುಧಾರಿಸಿತೆಂದು ಬರೆದಾಗ ಭಾರೀ ಸದ್ದಾಯಿತು. ಆಮೇಲೆ ಮಾಡಿ ನೋಡಿದವರ ಫಲಿತಾಂಶ ಒಬ್ಬೊಬ್ಬರದು ಒಂದೊಂದು ಥರ.

ಆದ್ದರಿಂದ 'ಕರೆಂಟ್ ಟ್ರೀಟ್‌ಮೆಂಟ್, ನರ ಗ್ಯಾರಂಟಿ ವಾಸಿ' ಎನ್ನುವ ಬೋರ್ಡು ಕಂಡರೆ ಜೇಬು ಹಿಡಿದುಕೊಳ್ಳಿ. ನೋವಿಗೆ ಹಚ್ಚುವ ಮಾಮೂಲಿ ಕರೆಂಟು ಮೆಷೀನಿನಲ್ಲಿ ಹಿಮ್ಮಡಿ ಸ್ವಿಚ್ಚೇ ಇರುವುದಿಲ್ಲ, ಅದು ಹೆಜ್ಜೆ ನೋಡಿಕೊಂಡು ಪಾದ ಎತ್ತದು. ಕುಷ್ಠದಿಂದಲೋ ಪೆಟ್ಟಿನಿಂದಲೋ ಕಾಲಿನ ನರವೇ ಸತ್ತಿದ್ದರೆ ಡಬ್ಬಿಯಿಂದ ಪ್ರಯೋಜನವಿಲ್ಲ; ವೈರಿಂಗೇ ಇಲ್ಲದ ಮನೆಗೆ ಜನರೇಟರ್ ತಂದಂತೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಮೂರ್ಛೆರೋಗ ಹತೋಟಿಗೆ ಬಾರದವರು ಡಾಕ್ಟರನ್ನು ಕೇಳದೆ ಮುಟ್ಟಕೂಡದು.

ಇನ್ನೊಂದು ಸಂಗತಿ ಎಷ್ಟೋ ಮನೆಯವರಿಗೆ ತಿಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಎಂ.ಎಸ್. ಹೆಸರು ಹಿಡಿದೇ ಬರೆದಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ವೈದ್ಯರು ಬರೆದುಕೊಟ್ಟರೆ ಕಾಯಿದೆಯ ಮೀಸಲು ಸವಲತ್ತು ಕೇಳುವ ಹಕ್ಕಿದೆ.