ಕಾರು ಅಪ್ಪನ ಹೆಸರಲ್ಲಿ, ಸ್ಟೇರಿಂಗ್ ಮಗನ ಕೈಯಲ್ಲಿ

"ಮೇಡಂ, ಕಾರು ಅಪ್ಪಾಜಿ ಹೆಸರಲ್ಲಿದೆ. ನಾನು ಓಡಿಸುವಾಗ ಏನಾದರೂ ಆದರೆ ಇನ್ಶೂರೆನ್ಸ್ ಸಿಗುತ್ತಾ?"

ಶಿವಮೊಗ್ಗದಲ್ಲಿ ವಿಮೆ ಏಜೆಂಟ್ ಆಗಿರುವ ನನಗೆ ಪಾಲಿಸಿ ರಿನ್ಯೂ ಮಾಡಿಸಲು ಬಂದವರು ಹೆಚ್ಚಾಗಿ ಕೇಳುವುದು ಇದನ್ನೇ. ಸಿಗುತ್ತದೆ. ನಮ್ಮಲ್ಲಿ ಮೋಟಾರು ವಿಮೆ ಇರುವುದು ವಾಹನಕ್ಕೆ. ಮಗ, ಸೊಸೆ, ಅಳಿಯ, ಪಕ್ಕದ ಮನೆಯ ಹುಡುಗ, ಧರ್ಮಸ್ಥಳಕ್ಕೆ ಹೋಗುವ ದಿನಕ್ಕೆಂದು ಕರೆಸಿದ ಡ್ರೈವರ್, ಯಾರೇ ಇರಲಿ, ಮಾಲೀಕರ ಒಪ್ಪಿಗೆ ಮತ್ತು ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಪಾಲಿಸಿ ಅನ್ವಯಿಸುತ್ತದೆ.   

ಕಾರಿಗಾದ ನಷ್ಟ, ಎದುರಿನವರಿಗಾದ ನಷ್ಟ, ಎರಡೂ ಸರಿ. ಓಡಿಸುತ್ತಿದ್ದವರ ಜೀವವೇ ಹೋದರೆ? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನನಗೆ ಸಂಕಟವಾಗುವುದು ಅದಕ್ಕೇ.

ಪಾಲಿಸಿಯಲ್ಲಿ ಪ್ರೀಮಿಯಂ ಲೆಕ್ಕದ ಜೊತೆ 'ಓನರ್ ಡ್ರೈವರ್ ಪಿಎ ಕವರ್ 15,00,000' ಎಂಬ ಸಾಲಿರುತ್ತದೆ. ಪಿಎ ಅಂದರೆ ವೈಯಕ್ತಿಕ ಅಪಘಾತ. ಆ ಹದಿನೈದು ಲಕ್ಷ ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕರದ್ದು ಮಾತ್ರ. ಅಪ್ಪನ ಕಾರು ಓಡಿಸುವ ಮಗನಿಗೆ ಬರುವುದಿಲ್ಲ, ಹೆಂಡತಿಯ ಹೆಸರಿನ ಕಾರು ಓಡಿಸುವ ಗಂಡನಿಗೂ ಬರುವುದಿಲ್ಲ. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯ ಕಾರು ಅಜ್ಜನ ಹೆಸರಲ್ಲಿದೆ. ಅವರು ಸ್ಟೇರಿಂಗ್ ಮುಟ್ಟಿ ವರ್ಷಗಳಾದವು. ಘಾಟಿಯಲ್ಲಿ ಮಳೆಗಾಲದ ರಾತ್ರಿ ಓಡಿಸುವ ಇಬ್ಬರು ಮೊಮ್ಮಕ್ಕಳ ಜೀವಕ್ಕೆ ಆ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಇರಲಿಲ್ಲ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬೇರೆಯವರ ಬೈಕ್ ಪಡೆದು ಇಳಕಲ್‌ನಿಂದ ಗುಡೂರಿಗೆ ಹೊರಟಿದ್ದವರೊಬ್ಬರು ಮುಂದಿದ್ದ ಎತ್ತಿನಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. ಗಾಡಿ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಹಾಗಾಗಿ ಅವನ ಮನೆಯವರು ಅದೇ ಗಾಡಿಯ ವಿಮೆಯಿಂದ ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಸೆಕ್ಷನ್ ಅಡಿ ಪರಿಹಾರ ಕೇಳಲು ಬರುವುದಿಲ್ಲ ಎಂದು 2009ರಲ್ಲಿ ಕೋರ್ಟ್ ಹೇಳಿತು. ಎದುರಿನ ವಾಹನದ ತಪ್ಪಿದ್ದರೆ ಆ ವಾಹನದ ವಿಮೆಯಿಂದ ಕೇಳಬಹುದು. ತನ್ನದೇ ತಪ್ಪಾಗಿದ್ದರೆ ಮನೆಯವರು ಬರಿಗೈ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರ ಹೆಸರಿಗೂ ಬೇರೆಯಾಗಿ ವೈಯಕ್ತಿಕ ಅಪಘಾತ ವಿಮೆ ಮಾಡಿಸಿ. ಅದು ಒಂದು ಕಾರಿಗೆ ಕಟ್ಟುಬೀಳುವುದಿಲ್ಲ, ಯಾರ ಗಾಡಿಯಲ್ಲಿದ್ದರೂ ಜೊತೆಗಿರುತ್ತದೆ. ಸಂಬಳದ ಡ್ರೈವರ್ ಇದ್ದರೆ, ಅವರ ಬಗೆಗಿನ ಹೊಣೆಯನ್ನು ಪಾಲಿಸಿಗೆ ಸೇರಿಸಲು ವರ್ಷಕ್ಕೆ 50 ರೂಪಾಯಿ ಸಾಕು. ಅಷ್ಟನ್ನೂ ಉಳಿಸಲು ನೋಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಲೈಸೆನ್ಸ್ ಇಲ್ಲದವರ ಕೈಗೆ ಕೀ ಕೊಟ್ಟರೆ ಕಥೆಯೇ ಬೇರೆ. ಕಾರಿನ ರಿಪೇರಿ ಹಣ ಸಿಗುವುದಿಲ್ಲ. ಗಾಯಗೊಂಡವರಿಗೆ ಕಂಪನಿ ಪರಿಹಾರ ಕೊಟ್ಟರೂ ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಓಡಿಸಿದವರು ಹದಿನೆಂಟು ತುಂಬದ ಮಕ್ಕಳಾದರೆ, ಆ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು.

ಮಾಲೀಕರು ತೀರಿಕೊಂಡ ಮೇಲೂ ಅವರ ಹೆಸರಿನಲ್ಲೇ ಕಾರು ಓಡಾಡುತ್ತಿರುವ ಮನೆಗಳು ಎಷ್ಟೋ. ದುಃಖದ ನಡುವೆ ಇದು ನೆನಪಿಗೆ ಬರುವುದಿಲ್ಲ, ಅರ್ಥವಾಗುತ್ತದೆ. ಆದರೆ ಹಳೆಯ ಪಾಲಿಸಿ ವಾರಸುದಾರರ ಕೈಯಲ್ಲಿ ನಿಲ್ಲುವುದು ಸಾವಿನ ದಿನದಿಂದ ಮೂರು ತಿಂಗಳು, ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅದು. ಅಷ್ಟರೊಳಗೆ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿ ಬದಲಾಯಿಸಿಕೊಳ್ಳಿ, ಪಾಲಿಸಿಯನ್ನೂ ಹೊಸ ಹೆಸರಿಗೆ ಮಾಡಿಸಿಕೊಳ್ಳಿ.