ಲ್ಯಾಪ್‌ಟಾಪ್ ಮದರ್‌ಬೋರ್ಡಿನಲ್ಲಿ ಪವರ್ ರೈಲ್ ದೋಷಪತ್ತೆ

ಲ್ಯಾಪ್‌ಟಾಪ್ ಗಣಕದ ಮದರ್‌ಬೋರ್ಡಿನಲ್ಲಿರುವ ಅನೇಕ ವಿದ್ಯುತ್ ಪೂರೈಕೆಯ ಮಾರ್ಗಗಳಲ್ಲಿ ಯಾವುದು ಕೆಟ್ಟಿದೆ, ಎಲ್ಲಿ ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬುದನ್ನು ಅಳತೆಗಳ ಮೂಲಕ ಕಂಡುಹಿಡಿಯುವ ಕ್ರಮವೇ ಪವರ್ ರೈಲ್ ದೋಷಪತ್ತೆ. ಕನ್ನಡದಲ್ಲಿ ರೈಲು ಎಂದರೆ ಬಂಡಿಯೇ ನೆನಪಿಗೆ ಬರುತ್ತದೆ. ಇಲ್ಲಿ ಆ ಪದದ ಅರ್ಥ ಹಳಿಗೆ ಹತ್ತಿರವಾದದ್ದು. ನಿಗದಿತ ವೋಲ್ಟೇಜನ್ನು ಬೋರ್ಡಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಒಯ್ಯುವ ತಾಮ್ರದ ಹಾದಿಯನ್ನು ರೈಲ್ ಎನ್ನುತ್ತಾರೆ.

ಸಂಪೂರ್ಣ ಸ್ತಬ್ಧವಾದ ಲ್ಯಾಪ್‌ಟಾಪಿಗೆ ಬೋರ್ಡನ್ನೇ ಬದಲಿಸುವುದು ಸುಲಭವಾದ ಪರಿಹಾರ. ಆದರೆ ಸಂಗ್ರಹಣಾ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿರುವ ಯಂತ್ರಗಳಲ್ಲಿ ಬೋರ್ಡಿನೊಡನೆ ಕಡತಗಳೂ ಹೋಗುತ್ತವೆ. 2018ರಿಂದ ಬಂದ, ಟಿ2 ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ ದತ್ತಾಂಶದ ಗೂಢಲಿಪಿ ಆ ಚಿಪ್ಪಿಗೇ ಕಟ್ಟುಬಿದ್ದಿರುವುದರಿಂದ, ಮೂಲ ಬೋರ್ಡು ಮತ್ತೆ ಜೀವ ತಳೆಯದೆ ಕಡತಗಳನ್ನು ಓದಲಾಗದು. ಬೇರೆ ಪ್ರತಿ ಇಟ್ಟಿಲ್ಲದವರಿಗೆ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಒಂದು ಕೆಪಾಸಿಟರ್ ಸಿಗುವುದೋ ಇಲ್ಲವೋ ಎಂಬುದು ಹೀಗೆ ದೊಡ್ಡ ಪ್ರಶ್ನೆಯಾಗುತ್ತದೆ.

ರೈಲ್‌ಗಳ ರಚನೆ

ಅಡಾಪ್ಟರಿನಿಂದ ಬರುವ ವಿದ್ಯುತ್ತು ಸಾಮಾನ್ಯವಾಗಿ 19 ವೋಲ್ಟ್ ಅಥವಾ ಅದರ ಆಸುಪಾಸಿನದು. ಯುಎಸ್‌ಬಿ-ಸಿ ಮಾದರಿಯಲ್ಲಿ ಮೊದಲು 5 ವೋಲ್ಟ್ ಬಂದು, ಎರಡೂ ಕಡೆಯ ಚಿಪ್‌ಗಳು ಪರಸ್ಪರ ಒಪ್ಪಿದ ಮೇಲೆ ಸಾಮಾನ್ಯವಾಗಿ 20 ವೋಲ್ಟ್‌ವರೆಗೆ ಏರುತ್ತದೆ. ಮಾಸ್‌ಫೆಟ್ ಎಂಬ ಸ್ವಿಚ್ಚುಗಳನ್ನು ದಾಟಿ ಅದು ಮುಖ್ಯ ರೈಲನ್ನು ಸೇರುತ್ತದೆ. ಅಲ್ಲಿಂದ ಮುಂದೆ ವ್ಯವಸ್ಥೆ ನೀರಾವರಿಯಂತೆಯೇ: ಮುಖ್ಯ ನಾಲೆಯಿಂದ ಕವಲುಗಳು, ಪ್ರತಿ ಕವಲಿಗೂ ಒಂದು ತೂಬು. ಈ ತೂಬಿನ ಕೆಲಸ ಮಾಡುವುದು ಬಕ್ ಪರಿವರ್ತಕ. ಇದರಲ್ಲಿ ಮೇಲಿನ ಮತ್ತು ಕೆಳಗಿನ ಎರಡು ಮಾಸ್‌ಫೆಟ್‌ಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಸರದಿಯಂತೆ ತೆರೆದು ಮುಚ್ಚುತ್ತವೆ. ಕಾಯಿಲ್ ಮತ್ತು ಕೆಪಾಸಿಟರ್‌ಗಳು ಆ ಏರಿಳಿತವನ್ನು ಸಮತಟ್ಟು ಮಾಡುತ್ತವೆ. 19 ವೋಲ್ಟಿನಿಂದ 5 ವೋಲ್ಟ್ ಪಡೆಯಲು ಮೇಲಿನ ಮಾಸ್‌ಫೆಟ್ ಒಟ್ಟು ಕಾಲದ ಸುಮಾರು 26 ಶೇಕಡದಷ್ಟು ಮಾತ್ರ ತೆರೆದಿದ್ದರೆ ಸಾಕು.

ರೈಲ್‌ಗಳು ಒಮ್ಮೆಲೇ ಎಚ್ಚರಗೊಳ್ಳುವುದಿಲ್ಲ. ಸದಾ ಇರುವ 3.3 ಮತ್ತು 5 ವೋಲ್ಟ್‌ಗಳು ಮೊದಲು. ಪವರ್ ಗುಂಡಿ ಒತ್ತಿದ ನಂತರ ಸ್ಮೃತಿಯ ರೈಲ್, ಉದಾಹರಣೆಗೆ ಡಿಡಿಆರ್4 ಆದರೆ 1.2 ವೋಲ್ಟ್, ಬಹುತೇಕ ಕೊನೆಯಲ್ಲಿ ಸಂಸ್ಕಾರಕದ ರೈಲ್. ಒಂದು ರೈಲ್ ಸರಿಯಾಗಿದೆ ಎಂಬ ‘ಪವರ್ ಗುಡ್’ ಸಂಕೇತ ಬರದೆ ಮುಂದಿನದಕ್ಕೆ ‘ಎನೇಬಲ್’ ಎಂಬ ಅಪ್ಪಣೆ ಸಿಗದು. ಆದ್ದರಿಂದ ಸಂಸ್ಕಾರಕಕ್ಕೆ ವಿದ್ಯುತ್ ಇಲ್ಲದಿರುವುದು ಸಂಸ್ಕಾರಕದ ದೋಷವೆಂದು ತಿಳಿಯುವಂತಿಲ್ಲ. ಸರದಿಯಲ್ಲಿ ಮೊಟ್ಟಮೊದಲು ಗೈರುಹಾಜರಾದ ರೈಲನ್ನು ಹುಡುಕಬೇಕು.

ವಿದ್ಯುತ್ ಇಲ್ಲದ ಸ್ಥಿತಿಯ ಅಳತೆ

ಅಡಾಪ್ಟರನ್ನೂ ಬ್ಯಾಟರಿಯನ್ನೂ ಕಳಚಿದ ಮೇಲೆ ಮಲ್ಟಿಮೀಟರಿನಿಂದ ಪ್ರತಿ ಕಾಯಿಲ್ ಮತ್ತು ಗ್ರೌಂಡ್ ನಡುವಿನ ರೋಧವನ್ನು ಅಳೆಯಲಾಗುತ್ತದೆ. ಕಾಯಿಲ್‌ಗಳು ದೊಡ್ಡವಾಗಿದ್ದು ಎದ್ದು ಕಾಣುವುದರಿಂದ ಅವೇ ಅನುಕೂಲಕರವಾದ ಅಳತೆಯ ಸ್ಥಳಗಳು. ಮುಖ್ಯ ರೈಲಿನಲ್ಲಿ ಸೊನ್ನೆಗೆ ಹತ್ತಿರದ ಓಮ್ ತೋರಿದರೆ ಅದು ಶಾರ್ಟ್. ಚುಚ್ಚಿದೊಡನೆ ಅಡಾಪ್ಟರಿನ ದೀಪ ಆರುವುದು ಇದರ ಹೊರಗಿನ ಕುರುಹು.

ಸಂಸ್ಕಾರಕದ ರೈಲಿಗೆ ಈ ನಿಯಮ ಹೊಂದುವುದಿಲ್ಲ. ಅತಿ ಕಡಿಮೆ ವೋಲ್ಟೇಜಿನಲ್ಲಿ ಬಹಳ ಪ್ರವಾಹವನ್ನು ಬಳಸುವ ಈ ಚಿಪ್‌ಗಳು ಸುಸ್ಥಿತಿಯಲ್ಲಿಯೇ ಕೆಲವು ಓಮ್‌ಗಳಷ್ಟು ಮಾತ್ರ ರೋಧ ತೋರಬಹುದು. ಕೆಲವು ಗ್ರಾಫಿಕ್ಸ್ ಚಿಪ್‌ಗಳಲ್ಲಿ ಅದು 1 ಓಮ್‌ಗಿಂತಲೂ ಕಡಿಮೆ. ಮಲ್ಟಿಮೀಟರಿನ ಬೀಪ್ ಸದ್ದನ್ನಷ್ಟೇ ನಂಬಿ ಸಂಸ್ಕಾರಕ ಸತ್ತಿದೆಯೆಂದು ತೀರ್ಪು ಕೊಡುವುದು ಈ ಕಸುಬಿನ ಅತ್ಯಂತ ದುಬಾರಿ ತಪ್ಪುಗಳಲ್ಲೊಂದು. ಎರಡು ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿ, ತಂತಿಯ ಸ್ವಂತ ರೋಧವನ್ನು ಕಳೆದು, ಸಾಧ್ಯವಾದರೆ ಅದೇ ಮಾದರಿಯ ಒಳ್ಳೆಯ ಬೋರ್ಡಿನೊಡನೆ ಹೋಲಿಸಿ ನೋಡುವುದು ಸರಿಯಾದ ಕ್ರಮ.

ಶಾರ್ಟ್ ಇರುವ ಭಾಗವನ್ನು ಗುರುತಿಸುವುದು

ಒಂದೇ ರೈಲಿಗೂ ಗ್ರೌಂಡಿಗೂ ನಡುವೆ ಹತ್ತಾರು ಸೆರಾಮಿಕ್ ಕೆಪಾಸಿಟರ್‌ಗಳು ಸಮಾಂತರವಾಗಿ ಕುಳಿತಿರುತ್ತವೆ. ಬೋರ್ಡು ಬಾಗಿದಾಗ ಬಿರುಕು ಬಿಟ್ಟ ಒಂದೇ ಒಂದು ಕೆಪಾಸಿಟರ್ ಒಳಗೇ ಬೆಸೆದುಕೊಂಡರೂ ಸಾಮಾನ್ಯ ಮೀಟರು ಎಲ್ಲವನ್ನೂ ಒಂದೇ ರೀತಿ ದೋಷಿಗಳೆಂದು ತೋರಿಸುತ್ತದೆ. ಹೀಗಾಗಿ ಶಾಖದ ಮೊರೆ ಹೋಗುತ್ತಾರೆ. ಪ್ರವಾಹದ ಮಿತಿಯುಳ್ಳ ಪ್ರಯೋಗಾಲಯದ ವಿದ್ಯುತ್ ಪೂರೈಕೆಯಿಂದ ಆ ರೈಲಿಗೆ 1 ವೋಲ್ಟಿನಷ್ಟು ಕೊಟ್ಟು 3 ಆಂಪಿಯರ್ ಹರಿಸಿದರೆ, ಒಟ್ಟು 3 ವ್ಯಾಟ್ ಶಾಖದ ಬಹುಪಾಲು ಶಾರ್ಟ್ ಆದ ಭಾಗದಲ್ಲಿಯೇ ಹುಟ್ಟುತ್ತದೆ. ಶಾಖದ ಕ್ಯಾಮೆರಾ ಅದನ್ನು ಬೆಳಗಿಸಿ ತೋರಿಸುತ್ತದೆ. ಕ್ಯಾಮೆರಾ ಇಲ್ಲದವರು ಮೊದಲೇ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಅದು ಎಲ್ಲಿ ಮೊದಲು ಆರುತ್ತದೆಂದು ಕಣ್ಣಿಟ್ಟು ನೋಡುತ್ತಾರೆ. ಅಗ್ಗದ ಉಪಾಯವಾದರೂ ಫಲ ಕೊಡುವಂಥದ್ದು. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಗಾಳಿಯಾಡುವ ಜಾಗ ಬೇಕು, ಬೆಂಕಿ ದೂರವಿರಬೇಕು.

ಕೊಡುವ ವೋಲ್ಟೇಜು ಆ ರೈಲಿನ ಸಹಜ ವೋಲ್ಟೇಜನ್ನು ಮೀರಬಾರದು. ಮುಖ್ಯ ರೈಲಿಗೆ ಕೊಡುವ ಮೊದಲು ಇನ್ನೊಂದು ಪರೀಕ್ಷೆಯೂ ಅಗತ್ಯ. ಸಂಸ್ಕಾರಕದ ಪರಿವರ್ತಕದಲ್ಲಿ ಮೇಲಿನ ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಮುಖ್ಯ ರೈಲಿನ ವಿದ್ಯುತ್ತು ಕಾಯಿಲ್ ಮೂಲಕ ನೇರವಾಗಿ ಸಂಸ್ಕಾರಕಕ್ಕೆ ನುಗ್ಗುತ್ತದೆ. ಸುಮಾರು 1 ವೋಲ್ಟಿಗೆ ರಚಿತವಾದ ಚಿಪ್ಪು 19 ವೋಲ್ಟನ್ನು ತಾಳಲಾರದು. ಮುಖ್ಯ ರೈಲಿಗೂ ಸಂಸ್ಕಾರಕದ ಕಾಯಿಲಿಗೂ ನಡುವಿನ ರೋಧ ಅಳೆಯಲು ಅರ್ಧ ನಿಮಿಷ ಸಾಕು. ಅದನ್ನು ಬಿಟ್ಟರೆ ದುರಸ್ತಿಗೆ ಯೋಗ್ಯವಾಗಿದ್ದ ಬೋರ್ಡು ದುರಸ್ತಿಗಾರನ ಕೈಯಲ್ಲಿಯೇ ಕೊನೆಯುಸಿರೆಳೆಯಬಹುದು.

ಶಾರ್ಟ್ ಇಲ್ಲದೆಯೂ ರೈಲ್ ಬಾರದಿದ್ದಾಗ

ಈಗ ವಿದ್ಯುತ್ ಕೊಟ್ಟು ಅಳೆಯಬೇಕು. 5 ವೋಲ್ಟ್ ಇಲ್ಲವೆಂದರೆ ಅದರ ನಿಯಂತ್ರಕ ಚಿಪ್ಪಿಗೆ ಮುಖ್ಯ ರೈಲ್ ತಲುಪಿದೆಯೆ, ಎನೇಬಲ್ ಸಂಕೇತ ಬಂದಿದೆಯೆ ಎಂದು ಕ್ರಮವಾಗಿ ನೋಡುತ್ತಾರೆ. ಎರಡೂ ಇದ್ದು ಫಲವಿಲ್ಲದಿದ್ದರೆ ನಿಯಂತ್ರಕವೋ ಅದರ ಸುತ್ತಲಿನ ಭಾಗಗಳೋ ಶಂಕಿತ. ಎನೇಬಲ್ ಇಲ್ಲದಿದ್ದರೆ ಆ ಚಿಪ್ಪು ನಿರಪರಾಧಿ. ಅಪ್ಪಣೆ ಕೊಡಬೇಕಾದ ಮೂಲದತ್ತ ಹಿಂದೆ ನಡೆಯಬೇಕು. ವೋಲ್ಟೇಜು ಕ್ಷಣಕಾಲ ಕಾಣಿಸಿ ಕುಸಿಯುತ್ತಿದ್ದರೆ ಅತಿಪ್ರವಾಹದ ರಕ್ಷಣೆ ಕೆಲಸ ಮಾಡುತ್ತಿರುವ ಸಂಭವವಿದೆ. ಅದನ್ನು ಹಿಡಿಯಲು ಮಲ್ಟಿಮೀಟರಿಗಿಂತ ಆಸಿಲೋಸ್ಕೋಪು ಮೇಲು.

ಇದಕ್ಕೆಲ್ಲ ವಿದ್ಯುನ್ಮಂಡಲದ ನಕ್ಷೆ ಮತ್ತು ಭಾಗಗಳ ಸ್ಥಾನ ತೋರಿಸುವ ಬೋರ್ಡ್‌ವ್ಯೂ ಕಡತ ಬೇಕು. ರೈಲ್‌ಗಳ ಹೆಸರು ತಯಾರಕರಿಂದ ತಯಾರಕರಿಗೆ ಬೇರೆ. ಆ್ಯಪಲ್‌ನ ಅನೇಕ ನಕ್ಷೆಗಳಲ್ಲಿ ಮುಖ್ಯ ರೈಲಿನ ಹೆಸರು ಪಿಪಿಬಸ್_ಜಿ3ಹೆಚ್. ಯಂತ್ರ ಆರಿದ್ದಾಗಲೂ ಜೀವಂತವಾಗಿರುವ ರೈಲ್ ಎಂಬುದನ್ನು ಹೆಸರಿನ ಕೊನೆಯ ಭಾಗ ಸೂಚಿಸುತ್ತದೆ. ಚಹಾ ಅಥವಾ ನೀರು ಚೆಲ್ಲಿದ ಬೋರ್ಡುಗಳಲ್ಲಿ ಮಾತ್ರ ನಕ್ಷೆಗಿಂತ ಮೊದಲು ಭೂತಗನ್ನಡಿ ಬೇಕು: ಹಸಿರುಗಟ್ಟಿದ ಕಾಲುಗಳು, ಸವೆದು ತುಂಡಾದ ತಾಮ್ರದ ಗೆರೆಗಳು ಎಷ್ಟೋ ವೇಳೆ ಕಣ್ಣಿಗೇ ಕಾಣುತ್ತವೆ.